ಮಾನಪ್ಪನನ್ನು ಎಬ್ಬಿಸುವ ಮಾತು

ನಮ್ಮೂರಿನಲ್ಲಿ ಜ್ವರ ಬಂದು ಸತ್ತವರು, ವಯಸ್ಸಾಗಿ ಸತ್ತವರು ಮಣ್ಣಾದ ದಿನವೇ ಹೋಗಿಬಿಡುತ್ತಾರೆ. ಇನ್ನೊಬ್ಬರ ಕೈಯಿಂದ ಸತ್ತವರು ಹಾಗೆ ಹೋಗುವುದಿಲ್ಲ. ಮಣ್ಣು ಕೊಟ್ಟು ಮನೆಗೆ ಬಂದು ನೋಡಿದರೆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ, ಸಾಯುವಾಗ ಉಟ್ಟಿದ್ದ ಬಟ್ಟೆಯಲ್ಲೇ. ಮಾತಿಲ್ಲ, ಊಟವಿಲ್ಲ. ಮಳೆ ಬಂದರೆ ನೆನೆಯುತ್ತಾರೆ, ಬಿಸಿಲು ಬಂದರೆ ಒಣಗುತ್ತಾರೆ. ಯಾರಿಂದ ಸಾವು ಬಂತೋ ಅವರೇ ಬಂದು, ಎದುರಿಗೆ ನಿಂತು, ‘ನನ್ನಿಂದ ಆತು’ ಎಂದು ಹೇಳಬೇಕು. ಹೇಳಿದ ಕೂಡಲೇ ಎದ್ದು, ಬಟ್ಟೆ ಕೊಡವಿಕೊಂಡು, ಹೊಳೆಯ ಕಡೆಗೆ ನಡೆದುಹೋಗುತ್ತಾರೆ. ಆಮೇಲೆ ಮನೆಯವರು ಅಳುತ್ತಾರೆ. ಅಲ್ಲಿಯತನಕ ಅಳುವ ರೂಢಿ ನಮ್ಮಲ್ಲಿಲ್ಲ. ಕಣ್ಣೆದುರಿಗೇ ಕುಳಿತವರಿಗಾಗಿ ಹೇಗೆ ಅಳುವುದು?

ಹೊಳೆಯ ಆಚೆ ದಂಡೆಯವರಿಗೂ ನಮಗೂ ಯುದ್ಧ ನಡೆದಾಗ ಎರಡೂ ಕಡೆ ಖಾಲಿ ಮೆಟ್ಟಿಲು ಹುಡುಕಿದರೂ ಸಿಗುತ್ತಿರಲಿಲ್ಲ. ಯುದ್ಧ ನಿಂತದ್ದು ದೊಡ್ಡವರು ಎಲ್ಲೋ ಕುಳಿತು ಮಾಡಿಕೊಂಡ ಒಪ್ಪಂದದಿಂದ ಎಂದು ಪತ್ರಿಕೆಗಳಲ್ಲಿ ಬಂತಂತೆ. ನಾವು ಕಂಡದ್ದು ಬೇರೆ. ಒಂದು ಬೆಳಿಗ್ಗೆ ಆಚೆ ದಂಡೆಯ ಜಕ್ಕಪ್ಪ ಒಬ್ಬನೇ ಸೇತುವೆ ದಾಟಿ ಬಂದು, ಕಂಬಾರ ಮಾನಪ್ಪನ ಮನೆ ಯಾವುದೆಂದು ಕೇಳಿದ. ಆ ಮನೆಯ ಮೆಟ್ಟಿಲ ಮೇಲೆ ಮಾನಪ್ಪನ ಹೆಂಡತಿ ತಂಗೆವ್ವಳ ತಮ್ಮ ಕುಳಿತಿದ್ದ. ಜಕ್ಕಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮಾತು ಹೇಳಿದ. ಹುಡುಗ ಎದ್ದು ಹೋದ. ತಂಗೆವ್ವ ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ಜಕ್ಕಪ್ಪನಿಗೆ ಕುಡಿಯಲು ನೀರು ಕೊಟ್ಟಳು. ಮರುದಿನ ನಮ್ಮ ಕಡೆಯ ಕೆಲವರು ಆಚೆಗೆ ಹೋದರು. ಹಾಗೆ ತಿಂಗಳುಗಟ್ಟಲೆ ಆ ಸೇತುವೆಯ ಮೇಲೆ ತಲೆ ತಗ್ಗಿಸಿಕೊಂಡ ಗಂಡಸರು ಹೋಗುತ್ತಿದ್ದರು, ಬರುತ್ತಿದ್ದರು. ಕೊನೆಗೆ ಮೆಟ್ಟಿಲುಗಳೆಲ್ಲ ಬರಿದಾದವು. ಕೆಲವು ವರ್ಷ ಕಳೆದು ಜಕ್ಕಪ್ಪನ ಮಗನಿಗೂ ಮಾನಪ್ಪನ ಮಗಳು ಕಸ್ತೂರಿಗೂ ಮದುವೆ ನಿಶ್ಚಯವಾದಾಗ ಯಾರೂ ಹುಬ್ಬೇರಿಸಲಿಲ್ಲ.

ನೀಲಿ ಟೊಪ್ಪಿಗೆಯವರು ಬಂದದ್ದು ಆ ನಡುವೆ. ಶಾಂತಿ ಕಾಯುವುದಕ್ಕೆಂದು ಹಲವು ದೇಶಗಳು ಸೇರಿ ಕಳಿಸಿದ ಪಡೆ ಅದು. ಹಳೆಯ ಹತ್ತಿ ಗಿರಣಿಯಲ್ಲಿ ಕ್ಯಾಂಪ್ ಹೂಡಿದರು, ಸೇತುವೆಯ ನಮ್ಮ ತುದಿಯಲ್ಲಿ ಮರಳಿನ ಚೀಲ ಒಟ್ಟಿ ಕಾವಲು ಹಾಕಿದರು, ಬಿಳಿ ಬಣ್ಣದ ಗಾಡಿಗಳಲ್ಲಿ ಓಡಾಡಿದರು. ಅವರಿಂದ ಒಳ್ಳೆಯದಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಸೇತುವೆಯ ಮುರಿದ ಕಮಾನು ಕಟ್ಟಿದವರು ಅವರೇ, ಅವರ ಡಾಕ್ಟರ್ ಎಷ್ಟೋ ಹೆರಿಗೆ ಮಾಡಿಸಿದ. ಯುದ್ಧಕ್ಕೆ ಮೊದಲು ನಾನು ಶಾಲೆಯಲ್ಲಿ ಕಲಿಸುತ್ತಿದ್ದೆ. ಅವರ ಭಾಷೆ ನನಗೆ ಬರುತ್ತಿದ್ದುದರಿಂದ ಕ್ಯಾಂಪಿನಲ್ಲಿ ದುಭಾಷಿಯ ಕೆಲಸ ಸಿಕ್ಕಿತು. ಊರವರು ಮಾತ್ರ ಮೊದಲಿನಂತೆ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ಮಾನಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಸುತ್ತಿಗೆಯ ಸದ್ದಿನಲ್ಲೇ ಬೆಳೆದವನು. ಮೊದಲು ಒಂದು ಕಿವಿ ಹೋಯಿತು, ಆಮೇಲೆ ಇನ್ನೊಂದು. ಅವನಿಗೆ ಏನಾದರೂ ಹೇಳಬೇಕಾದರೆ ಎದುರಿಗೆ ಹೋಗಿ ಕೈ ಆಡಿಸಬೇಕಿತ್ತು. ಜಕ್ಕಪ್ಪನ ಬಂಡಿಯ ಅಚ್ಚು ಮುರಿದಿತ್ತು. ಮಾನಪ್ಪ ಹೊಸ ಅಚ್ಚು ಬಡಿದು, ಗೋಣಿತಾಟಿನಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತುಕೊಂಡು ಆಚೆ ದಂಡೆಗೆ ಹೊರಟ. ಬೀಗರ ಕೆಲಸವೆಂದು ಬೇರೆಯವರ ಕೈಯಲ್ಲಿ ಕಳಿಸಲು ಅವನಿಗೆ ಮನಸ್ಸಿರಲಿಲ್ಲ. ಆ ವಾರವಷ್ಟೇ ಹಳೆಯ ತುಕಡಿ ಹೋಗಿ ಹೊಸ ತುಕಡಿ ಬಂದಿತ್ತು. ಹಳಬರು ಮಾನಪ್ಪನನ್ನು ಬಲ್ಲವರು, ದೂರದಿಂದಲೇ ಕೈ ಎತ್ತುತ್ತಿದ್ದರು. ಹೊಸಬರಿಗೆ ಯಾರೂ ಅವನ ವಿಷಯ ಹೇಳಿಹೋಗಿರಲಿಲ್ಲ. ಕಾವಲಿನವನು ನಿಲ್ಲೆಂದು ತನ್ನ ಭಾಷೆಯಲ್ಲಿ ಕೂಗಿದ, ಮತ್ತೆ ಕೂಗಿದ. ಸೇತುವೆಯ ಬಾಯಲ್ಲಿ ಸೊಪ್ಪು ಮಾರುವ ಹೆಂಗಸರು ಎದ್ದು ನಿಂತು, "ಕಿವುಡದಾನೋ ಯಪ್ಪಾ, ಅವಂಗ ಕೇಳಾಂಗಿಲ್ಲ" ಎಂದು ಚೀರಿದರು. ಕಾವಲಿನವನಿಗೆ ಅದು ತಿಳಿಯಲಿಲ್ಲ. ಹೆಗಲ ಮೇಲಿನ ಉದ್ದನೆಯ ಕಬ್ಬಿಣವಷ್ಟೇ ಅವನಿಗೆ ಕಂಡದ್ದು. ಗುಂಡು ಹಾರಿಸಿದ.

ಮಣ್ಣು ಕೊಟ್ಟು ನಾವೆಲ್ಲ ಹಿಂದಿರುಗಿದಾಗ ಮಾನಪ್ಪ ಮೆಟ್ಟಿಲ ಮೇಲಿದ್ದ. ಭಾರ ಹೊತ್ತ ಹೆಗಲು ಇನ್ನೂ ಸ್ವಲ್ಪ ವಾಲಿಕೊಂಡೇ ಇತ್ತು. ತಂಗೆವ್ವ ಅವನನ್ನು ನೋಡಿ, ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ನಡೀರಿ ಅಕ್ಕೋರ, ಹೋಗಿ ಬರೂನು. ಅಂವ ಯಾರದಾನೋ ಕರಕೊಂಡು ಬರೂನು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಂಜೆಯೊಳಗೆ ಮುಗಿಯುವ ಕೆಲಸವೆಂದೇ ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ.

ಕಮಾಂಡರ್ ನಮ್ಮನ್ನು ಕುರ್ಚಿಯಲ್ಲಿ ಕೂಡಿಸಿದ, ಚಹಾ ತರಿಸಿದ. ಅವನ ಪಕ್ಕದಲ್ಲಿ ಪಡೆಯ ಹಕ್ಕುಗಳ ಅಧಿಕಾರಿ ಇದ್ದ. ಕಾಯಲು ಬಂದವರಿಂದಲೇ ಜನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಆತನ ಕೆಲಸ. ಊರಿನವರು ಅವನಿಗೆ ಹಕ್ಕಿನ ಸಾಹೇಬ ಎನ್ನುತ್ತಿದ್ದರು, ಮಕ್ಕಳ ಬಾಯಲ್ಲಿ ಅದು ಹಕ್ಕಿ ಸಾಹೇಬ ಆಗಿತ್ತು. ಕಮಾಂಡರ್ ಗಂಟಲು ಸರಿಮಾಡಿಕೊಂಡು, ನಡೆದ ಘಟನೆಗೆ ಪಡೆ ತೀವ್ರವಾಗಿ ವಿಷಾದಿಸುತ್ತದೆ ಎಂದ. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ.

"ಯಾರು ವಿಷಾದ ಮಾಡ್ತಾರಂತ?" ಎಂದು ತಂಗೆವ್ವ ಕೇಳಿದಳು.

"ಪಡೆ."

"ಪಡೆಗೆ ಕಾಲದಾವೇನ್ರೀ? ನಮ್ಮ ಮೆಟ್ಟಲತನಾ ನಡಕೊಂಡು ಬರತೈತೇನು?"

ನಾನು ಅದನ್ನು ಹಾಗೆಯೇ ಕಮಾಂಡರನಿಗೆ ಹೇಳಿದೆ. ಅವನು ಸಮಾಧಾನದಿಂದಲೇ ಉತ್ತರಿಸಿದ. ಪಡೆಯ ಸೈನಿಕರು ಈ ಊರಿನ ಯಾವ ವಿಚಾರಣೆಗೂ ಒಳಪಡುವುದಿಲ್ಲ, ಪಡೆ ಇಲ್ಲಿಗೆ ಬರುವಾಗಲೇ ಆಗಿರುವ ಒಪ್ಪಂದ ಅದು, ಸೈನಿಕನನ್ನು ಅವನ ದೇಶವೇ ವಿಚಾರಿಸಿಕೊಳ್ಳುತ್ತದೆ, ಅವನ ಹೆಸರನ್ನೂ ಹೇಳುವಂತಿಲ್ಲ.

"ವಿಚಾರಣಿ ಯಾರಿಗೆ ಬೇಕಾಗೇತಿ?" ಎಂದಳು ತಂಗೆವ್ವ. "ಅವನ್ನ ಜೇಲಿಗೆ ಹಾಕ್ರಿ ಅಂದ್ನೇನು ನಾ? ಬರಲಿ, ಒಂದು ಮಾತು ಹೇಳಲಿ, ಹೊಳ್ಳಿ ಹೋಗಲಿ. ನೀವು ಬೇಕಾದ್ರ ಬಂದೂಕು ಹಿಡಕೊಂಡು ಅವನ ಕೂಡ ಬರ್ರಿ."

ಆ ಒಂದು ಮಾತೇ ತೊಡಕು ಎಂದ ಕಮಾಂಡರ್. ಅದನ್ನು ಹೇಳಿದರೆ ತಪ್ಪು ಒಪ್ಪಿಕೊಂಡಂತೆ. ನಿಯಮದ ಪ್ರಕಾರ ಅವನು ತಪ್ಪು ಮಾಡಿಲ್ಲ. ನಿಲ್ಲೆಂದು ಕೂಗಿದ, ನಿಲ್ಲಲಿಲ್ಲ. ತಂಗೆವ್ವ ಚಹಾ ಮುಟ್ಟದೆ ಎದ್ದಳು. ಗೇಟಿನ ಹತ್ತಿರ ಹಕ್ಕಿನ ಸಾಹೇಬ ಓಡುತ್ತ ಬಂದು, "ಸ್ವಲ್ಪ ಸಮಯ ಕೊಡಿ, ನಾನು ಬಿಡುವುದಿಲ್ಲ" ಎಂದ. ಅವನ ಮುಖ ಕೆಂಪಾಗಿತ್ತು. ಒಳ್ಳೆಯ ಮನುಷ್ಯ ಎನಿಸಿತು.

ಆತ ಹಟ ಹಿಡಿದದ್ದರಿಂದಲೇ ಇರಬೇಕು, ಕೆಲವು ದಿನಗಳಲ್ಲಿ ಕಮಾಂಡರನೇ ತಂಗೆವ್ವಳ ಮನೆಗೆ ಬಂದ. ಓಣಿಯ ತುಂಬ ಜನ ಸೇರಿದರು. ಆಚೆ ದಂಡೆಯಿಂದ ಜಕ್ಕಪ್ಪನೂ ಬಂದಿದ್ದ. ಕಮಾಂಡರ್ ಟೊಪ್ಪಿಗೆ ತೆಗೆದು, ಮಾನಪ್ಪನ ಎದುರಿಗೆ ಸೆಟೆದು ನಿಂತು, ಒಂದು ಹಾಳೆ ನೋಡಿಕೊಂಡು ಓದಿದ. ನಾನು ಸಾಲು ಸಾಲಾಗಿ ನಮ್ಮ ಮಾತಿಗೆ ತಂದೆ. ಜೀವಹಾನಿ ಸಂಭವಿಸಿದೆ. ಕುಟುಂಬದ ದುಃಖದಲ್ಲಿ ಪಡೆ ಭಾಗಿಯಾಗಿದೆ. ಮುಂದೆ ಹೀಗಾಗದಂತೆ ಕ್ರಮ ಕೈಗೊಳ್ಳಲಾಗುವುದು. ಓದಿ ಮುಗಿಸಿ ಹಾಳೆ ಮಡಚಿ ನಿಂತ. ನಾವೆಲ್ಲ ಮಾನಪ್ಪನನ್ನೇ ನೋಡುತ್ತಿದ್ದೆವು. ಮಾನಪ್ಪ ಓಣಿಯ ತುದಿ ನೋಡುತ್ತ ಕುಳಿತೇ ಇದ್ದ.

"ಕಿವಿ ಕೇಳತಿದ್ದಿಲ್ಲಲ್ಲ, ಜೋರಾಗಿ ಓದ್ರಿ ಅಂತ ಹೇಳ್ರೆಕ್ಕೋರ" ಎಂದು ಯಾರೋ ಹಿಂದಿನಿಂದ ಅಂದರು. ಕುಹಕವೋ ನಿಜವಾಗಿ ಹೇಳಿದ್ದೋ ತಿಳಿಯಲಿಲ್ಲ.

"ದನೀ ಅಲ್ಲಪಾ ಬೇಕಾಗಿದ್ದು" ಎಂದ ಜಕ್ಕಪ್ಪ. "ಅದರಾಗ ‘ನಾ’ ಅನ್ನೂದ ಎಲ್ಲೀ ಇಲ್ಲ. ಯಾರು ಆಡಿದ ಮಾತಂತ ಅಂವ ಏಳಬೇಕು?"

ಗಾಡಿಗಳು ಹೋದ ಮೇಲೂ ಜನ ಚದುರಲಿಲ್ಲ. ಜಕ್ಕಪ್ಪ ಒಮ್ಮೆ ತಂಗೆವ್ವಳನ್ನು ನೋಡಿದ, ರುಮಾಲು ತೆಗೆದ. ಮಾನಪ್ಪನ ಮುಂದೆ ಮಂಡಿಯೂರಿ, "ಅಚ್ಚು ಮಾಡಾಕ ಹೇಳಿದಾಂವ ನಾ. ನಾ ಬಂದು ಒಯ್ದಿದ್ರ ನೀ ಸೇತುವಿ ಮ್ಯಾಲ ಹೋಗತಿದ್ದಿಲ್ಲ. ನನ್ನಿಂದ ಆತು ಬೀಗಾ" ಎಂದ. ಮಾನಪ್ಪ ಕದಲಲಿಲ್ಲ. ತಂಗೆವ್ವ ಹೋಗಿ ಜಕ್ಕಪ್ಪನ ರಟ್ಟೆ ಹಿಡಿದು ಎಬ್ಬಿಸಿದಳು.

"ನಿಮ್ಮದಲ್ಲದ್ದ ನೀವ್ಯಾಕ ಹೊರತೀರಿ, ಏಳ್ರಿ."

ಮೆಟ್ಟಿಲ ಮೇಲೆ ಒಬ್ಬರು ಕುಳಿತಿರುವ ಮನೆಯಲ್ಲಿ ಬದುಕು ಹೇಗೆ ನಡೆಸಬೇಕೆಂಬುದು ನಮ್ಮವರಿಗೆ ಯುದ್ಧದ ಕಾಲದಿಂದ ಗೊತ್ತಿತ್ತು. ನೆರೆಯವರು ಬಂದು ಹಿತ್ತಲ ಗೋಡೆ ಒಡೆದು ಅಲ್ಲೊಂದು ಬಾಗಿಲು ಕೂಡಿಸಿಕೊಟ್ಟರು. ಕುಲುಮೆಯನ್ನು ಮಾನಪ್ಪನ ಶಿಷ್ಯನೊಬ್ಬ ಬೇರೆ ಕಡೆಗೆ ಎತ್ತಿಕೊಂಡು ಹೋದ. ಮದುವೆ ಮಾತ್ರ ನಿಂತಿತು. ಮದುಮಗಳು ಮುಂಬಾಗಿಲಿನಿಂದಲೇ ಹೊರಡಬೇಕು, ಕುಳಿತವರನ್ನು ದಾಟಿ ಮದುಮಗಳು ಹೊರಡುವಂತಿಲ್ಲ. ತಂಗೆವ್ವ ಪ್ರತಿದಿನ ಬೆಳಿಗ್ಗೆ ಕ್ಯಾಂಪಿನ ಗೇಟಿಗೆ ಹೋಗಿ ನಿಲ್ಲತೊಡಗಿದಳು. ಒಳಗೆ ಹೋಗುವ, ಹೊರಗೆ ಬರುವ ಒಬ್ಬೊಬ್ಬ ಸೈನಿಕನ ಮುಖವನ್ನೂ ನೋಡುತ್ತಿದ್ದಳು. ಗೇಟಿನವರಿಗೆ ಅದು ಹಿಂಸೆಯಾಗಿ ಅವಳತ್ತ ನೋಡಬಾರದೆಂದು ಆಜ್ಞೆಯಾಯಿತು.

ಆ ದಿನಗಳಲ್ಲೇ ಇಟ್ಟಿಗೆ ಭಟ್ಟಿಯ ಹತ್ತಿರ ಬಿಳಿ ಲಾರಿಯೊಂದು ಹುಸೇನಬಿಯ ಮಗನ ಸೈಕಲ್ಲಿಗೆ ಗುದ್ದಿ ನಿಲ್ಲದೆ ಹೋಯಿತು. ಹುಸೇನಬಿ ಗಂಡನಿಲ್ಲದ ಹೆಂಗಸು, ಭಟ್ಟಿಯಲ್ಲಿ ಮಣ್ಣು ತುಳಿದು ಮಗನನ್ನು ಸಾಕಿದವಳು. ಆ ಹುಡುಗನೂ ತನ್ನ ಮನೆಯ ಮೆಟ್ಟಿಲ ಮೇಲೆ, ಒಂದು ಕಾಲಿಗೆ ಚಪ್ಪಲಿಯಿಲ್ಲದೆ ಕುಳಿತ. ಆಗ ಗೇಟಿನ ಮುಂದೆ ಇಬ್ಬರು ಹೆಂಗಸರು ನಿಲ್ಲುವಂತಾಯಿತು.

ಮಾನಪ್ಪನನ್ನು ಕೊಂದವನನ್ನು ನಾನು ಕ್ಯಾಂಪಿನ ಅಡುಗೆಮನೆಯ ಹಿಂದೆ ಕಂಡೆ. ಕಾವಲಿನಿಂದ ತೆಗೆದು ಆಲೂಗಡ್ಡೆ ಹೆರೆಯಲು ಹಾಕಿದ್ದರು. ಎದೆಯ ಮೇಲಿನ ಹೆಸರಿನ ಪಟ್ಟಿ ಕಿತ್ತಿದ್ದರು, ಅದಿದ್ದ ಜಾಗದಲ್ಲಿ ಬಟ್ಟೆ ಉಳಿದದ್ದಕ್ಕಿಂತ ಕಪ್ಪಗಿತ್ತು. ಮೀಸೆ ಇನ್ನೂ ಸರಿಯಾಗಿ ಮೂಡಿರದ ಹುಡುಗ. ನನ್ನನ್ನು ನೋಡಿ ಚಾಕು ಕೆಳಗಿಟ್ಟ.

"ಅವರು ಇನ್ನೂ ಅಲ್ಲೇ ಕುಳಿತಿದ್ದಾರಂತೆ, ಹೌದೇ?" ಎಂದು ತನ್ನ ಭಾಷೆಯಲ್ಲಿ ಕೇಳಿದ.

ಹೌದೆಂದೆ.

"ರಕ್ತ ಬರುತ್ತಿದೆಯೇ?"

"ಇಲ್ಲ. ಸುಮ್ಮನೆ ಕುಳಿತಿದ್ದಾರೆ."

ಅವನು ಎದ್ದು ನಿಂತ. "ನನಗೆ ಆ ಮಾತು ಹೇಳಿಕೊಡಿ. ನಿಮ್ಮ ಭಾಷೆಯಲ್ಲಿ ಹೇಗೆ ಹೇಳಬೇಕೋ ಹಾಗೆ."

ನಾನು ಹೇಳಿಕೊಟ್ಟೆ. ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟಂತೆ ಬಿಡಿಸಿ ಬಿಡಿಸಿ ಹೇಳಿದೆ. ‘ನ’ಕಾರ ಅವನ ನಾಲಿಗೆಗೆ ಸುಲಭವಾಗಿತ್ತು, ‘ಆತು’ ಎನ್ನುವಾಗ ತಡವರಿಸುತ್ತಿದ್ದ. ಬಿಟ್ಟರೆ ಈಗಲೇ ಬರುತ್ತೇನೆ ಎಂದ. ಹಕ್ಕಿನ ಸಾಹೇಬನಿಗೂ ಅದನ್ನೇ ಹೇಳಿದ್ದನಂತೆ.

ಬಿಡಲಿಲ್ಲ. ಎರಡೂ ದಂಡೆಯ ಹಿರಿಯರನ್ನು ಕಮಾಂಡರ್ ಕ್ಯಾಂಪಿಗೆ ಕರೆಸಿದ. ಹುಡುಗ ಆ ಮಾತು ಹೇಳಿದರೆ ಅವನ ದೇಶದವರು ತಮ್ಮ ತುಕಡಿಯನ್ನೇ ವಾಪಸು ಕರೆಸಿಕೊಳ್ಳುತ್ತಾರೆ, ಆ ಜಾಗಕ್ಕೆ ಬರಲು ಬೇರೆ ಯಾವ ದೇಶವೂ ತಯಾರಿಲ್ಲ, ಸೇತುವೆಯ ಕಾವಲು ಹೋಗುತ್ತದೆ, ಆಮೇಲೆ ಮತ್ತೆ ಯುದ್ಧವಾದರೆ ತಾನು ಹೊಣೆಯಲ್ಲ. ಇಷ್ಟನ್ನೂ ನನ್ನ ಬಾಯಿಂದಲೇ ಹೇಳಿಸಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನೆಟ್ಟಗೆ ತಂಗೆವ್ವಳ ಮನೆಗೆ ಹೋದರು, ಹಿತ್ತಲ ಬಾಗಿಲಿನಿಂದ. ನಾನೂ ಹೋದೆ.

"ನೋಡವ್ವ, ಊರ ಮ್ಯಾಲ ಬರತೈತಿ ಇದು" ಎಂದು ನಮ್ಮ ಕಡೆಯ ಹಿರಿಯರೊಬ್ಬರು ಶುರುಮಾಡಿದರು. "ಒಂದೀಟು ತಡಕೋ. ನೀ ದಿನಾ ಗೇಟಿಗೆ ಹೋಗಿ ನಿಂದರೂದು ಬಿಡು."

ತಂಗೆವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ನನ್ನ ಗಂಡನ್ನ ಮೆಟ್ಟಲ ಮ್ಯಾಲ ಕೂಡ್ರಿಸಿ ಅವರು ಶಾಂತಿ ಕಾಯ್ತಾರೇನ್ರೀ?"

ಜಕ್ಕಪ್ಪ ಬಾಗಿಲ ಬಳಿ ನಿಂತಿದ್ದ. "ಅವರು ಬರೂಕಿಂತ ಮೊದಲ ಶಾಂತಿ ಮಾಡಿದವರು ನಾವು" ಎಂದ. "ಅದನ್ನ ಮರತ್ರ್ಯಾ? ಬರೇ ಕೈಲೆ ಸೇತುವಿ ದಾಟಿ ಬಂದಿದ್ನಿ ನಾ. ಯಾವ ಕಾವಲಿತ್ತು ಅವತ್ತ?"

"ಅವತ್ತಿನ ಮಾತು ಬ್ಯಾರೆ ಜಕ್ಕಪ್ಪ."

"ಏನು ಬ್ಯಾರೆ? ಅವತ್ತ ನಮಗ ಅಂಜಿಕಿ ಇದ್ದಿದ್ದಿಲ್ಲೇನು?"

ಹಿರಿಯರು ಎದ್ದು ಹೋದರು. ಏನೂ ತೀರ್ಮಾನವಾಗಲಿಲ್ಲ. ಆದರೆ ಆಗಬೇಕಾದ ತೀರ್ಮಾನ ಕ್ಯಾಂಪಿನಲ್ಲಿ ಆಗಿಹೋಗಿತ್ತು. ಮರುದಿನ ನಾನು ಕೆಲಸಕ್ಕೆ ಹೋದಾಗ ಅಡುಗೆಮನೆಯ ಹಿಂದೆ ಬೇರೆ ಯಾರೋ ಆಲೂಗಡ್ಡೆ ಹೆರೆಯುತ್ತಿದ್ದರು. ಹುಡುಗನನ್ನು ಹೆಲಿಕಾಪ್ಟರ್ ಹತ್ತಿಸಿ ಅವನ ದೇಶಕ್ಕೆ ಕಳಿಸಿಯಾಗಿತ್ತು. ಲಾರಿ ಓಡಿಸಿದವನೂ ಅದರಲ್ಲೇ ಹೋದನಂತೆ. ಹಕ್ಕಿನ ಸಾಹೇಬ ತನ್ನ ಕೋಣೆಯಲ್ಲಿ ದೀಪವನ್ನೂ ಹಾಕದೆ ಕುಳಿತಿದ್ದ. "ಅಲ್ಲಿ ವಿಚಾರಣೆ ನಡೆಯುತ್ತದೆ ಎಂದು ಬರೆದುಕೊಟ್ಟಿದ್ದಾರೆ" ಎಂದ. ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವನಿಗೂ ಬೇರೆ ಕಡೆ ವರ್ಗವಾಯಿತು. ಹೋಗುವ ಮುಂಚೆ ತಂಗೆವ್ವಳ ಓಣಿಗೆ ಬಂದು, ದೂರದಲ್ಲೇ ನಿಂತು, ಮಾನಪ್ಪನಿಗೆ ಕೈಮುಗಿದು ಹೋದ.

ಹುಡುಗ ಹೋದ ಸುದ್ದಿಯನ್ನು ತಂಗೆವ್ವಳಿಗೆ ನಾನೇ ಹೇಳಬೇಕಾಯಿತು. ಅವಳು, "ಹೆಂಗಿದ್ದ?" ಎಂದು ಕೇಳಿದಳು. ಸಣ್ಣವನು, ನಮ್ಮ ಕಸ್ತೂರಿಯ ವಯಸ್ಸಿನವನು, ಬರುತ್ತೇನೆ ಅಂದಿದ್ದ, ಮಾತು ಕಲಿತಿದ್ದ ಎಂದೆ. ತಂಗೆವ್ವ, "ಹಂಗಾರ ಅವಂಗೂ ಕುಂದರೂ ಹಂಗಾತು" ಎಂದಳು.

ಮದುವೆಯ ವಿಷಯದಲ್ಲಿ ಆಚೆ ದಂಡೆಯಲ್ಲಿ ಗೊಣಗಾಟ ಶುರುವಾಗಿತ್ತು. ಬೇರೆ ಹೆಣ್ಣು ನೋಡೋಣ ಎಂದು ಜಕ್ಕಪ್ಪನ ಅಣ್ಣತಮ್ಮಂದಿರು ಅಂದರು. ಒಂದು ದಿನ ಜಕ್ಕಪ್ಪ ಮಗನನ್ನೂ ನಾಲ್ಕು ಜನರನ್ನೂ ಕರೆದುಕೊಂಡು, ವಾದ್ಯವಿಲ್ಲದೆ ಬಂದ. ಮಾನಪ್ಪನ ಪಕ್ಕದಲ್ಲಿ ಆ ಇಕ್ಕಟ್ಟಾದ ಮೆಟ್ಟಿಲ ಮೇಲೆ ತಾನೂ ಕುಳಿತ.

"ನಮ್ಮ ಬೀಗರು ಕುಂತಾರ, ನಾನೂ ಕುಂತೇನಿ" ಎಂದ. "ಹುಡುಗಿ ಇಲ್ಲಿಂದನ ಬರಲಿ. ಅಪ್ಪನ ಮುಂದ ಹಾದು ಬರೂಕ ಯಾವ ದೋಷನೂ ಇಲ್ಲ."

ಕಸ್ತೂರಿ ಹೊಸ್ತಿಲಲ್ಲಿ ನಿಂತು ತಾಯಿಯನ್ನು ನೋಡಿದಳು. ತಂಗೆವ್ವ ತಲೆಯಾಡಿಸಿದಳು. ಹುಡುಗಿ ಸೀರೆಯ ನಿರಿಗೆ ಎತ್ತಿ ಹಿಡಿದು, ತಂದೆಗೂ ಮಾವನಿಗೂ ನಡುವಿನ ಜಾಗದಲ್ಲಿ ಕಾಲಿಟ್ಟು ಇಳಿದು ಬಂದು, ಇಬ್ಬರ ಪಾದಕ್ಕೂ ನಮಸ್ಕರಿಸಿದಳು. ಜಕ್ಕಪ್ಪ ತಲೆ ಮುಟ್ಟಿ ಹರಸಿದ. ಮಾನಪ್ಪ ಓಣಿಯ ತುದಿ ನೋಡುತ್ತಿದ್ದ. ಮದುವೆಗೆ ಬಂದವರು ಯಾರೂ ಜೋರಾಗಿ ಮಾತಾಡಲಿಲ್ಲ. ಸೇತುವೆಯ ಮೇಲೆ ನೀಲಿ ಟೊಪ್ಪಿಗೆಯ ಕಾವಲಿನವನು ಮದುಮಗಳ ಟ್ರಂಕು ತೆಗೆಸಿ ನೋಡಿ ಬಿಟ್ಟ.

ಅಂತೂ ಯುದ್ಧವಾಗಲಿಲ್ಲ. ತುಕಡಿಗಳು ಬಂದವು, ಹೋದವು. ಒಂದೊಂದು ತುಕಡಿ ಹೋದಾಗಲೂ ಎಲ್ಲೋ ಒಂದು ಮೆಟ್ಟಿಲು ತುಂಬಿರುತ್ತಿತ್ತು. ಅಗಸರ ಓಣಿಯಲ್ಲಿ ಒಬ್ಬಳು ಹುಡುಗಿ ಕುಳಿತಳು. ಅವಳ ಬಗ್ಗೆ ಊರಿನಲ್ಲಿ ಪಿಸುಮಾತಿನಲ್ಲಷ್ಟೇ ಮಾತಾಡಿದರು; ಅವಳ ತಾಯಿ ಕ್ಯಾಂಪಿನ ಗೇಟಿಗೂ ಹೋಗಲಿಲ್ಲ. ಕೊನೆಗೊಂದು ದಿನ ಕೆಲಸ ಯಶಸ್ವಿಯಾಗಿ ಮುಗಿದಿದೆಯೆಂದು ಭಾಷಣ ಮಾಡಿ, ಬಾವುಟ ಇಳಿಸಿ, ಪಡೆಯವರು ಹೊರಟರು. ಆ ಭಾಷಣವನ್ನು ಊರಿಗೆ ತಿಳಿಸಿದವಳು ನಾನು. ಕೇಳುವುದಕ್ಕೆ ಬಂದವರು ಕಡಿಮೆ. ಗಿರಣಿಯ ಅಂಗಳದಲ್ಲಿ ಈಗ ಮತ್ತೆ ಹತ್ತಿ ಬರುತ್ತಿದೆ, ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ.

ತಂಗೆವ್ವ ಮಾನಪ್ಪನ ತಲೆಯ ಮೇಲೆ ಒಂದು ತಗಡಿನ ಚಪ್ಪರ ಹಾಕಿಸಿದಳು. ಸಂಜೆ ಹೊತ್ತು ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸುತ್ತ ಅವನ ಜೊತೆ ಮಾತಾಡುತ್ತಿದ್ದಳು. ಕಸ್ತೂರಿಗೆ ಹೆಣ್ಣು ಹುಟ್ಟಿತು, ಜಕ್ಕಪ್ಪನಿಗೆ ಕಣ್ಣು ಮಂಜಾಗಿದೆ, ಈ ಸಲ ಸಜ್ಜೆ ಚೆನ್ನಾಗಿ ಬಂದಿದೆ. ಬದುಕಿದ್ದಾಗಲೂ ಅವನಿಗೆ ಕೇಳುತ್ತಿರಲಿಲ್ಲವಾದ್ದರಿಂದ ಅವಳಿಗೆ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲವೇನೋ. ಮೊಮ್ಮಗಳು ಬಂದಾಗ ಅಜ್ಜನ ಮೊಣಕಾಲಿಗೆ ಒರಗಿ ಆಡುತ್ತಿತ್ತು. ಹೀಗೆಯೇ ಇದ್ದುಬಿಡುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಹೋದ ಬೇಸಿಗೆಯಲ್ಲಿ, ಶಾಲೆ ಬಿಡುವ ಹೊತ್ತಿಗೆ, ಒಬ್ಬ ಗಂಡಸು ನನ್ನನ್ನು ಕೇಳಿಕೊಂಡು ಬಂದ. ತೆಳ್ಳಗಿದ್ದ, ಮುಂದಲೆ ಬೋಳಾಗುತ್ತಿತ್ತು, ಕೈಯಲ್ಲಿ ಒಂದು ಸಣ್ಣ ಚೀಲ. ಗುರುತು ಹತ್ತಲಿಲ್ಲ. ಅವನು ತನ್ನ ಭಾಷೆಯಲ್ಲಿ, "ನಿಮ್ಮ ಹತ್ತಿರ ಒಂದು ಮಾತು ಕಲಿತಿದ್ದೆ" ಎಂದಾಗ ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ದಾರಿಯಲ್ಲಿ ನಡೆಯುತ್ತ, ವಿಚಾರಣೆ ಏನಾಯಿತೆಂದು ಕೇಳಿದೆ.

"ಯಾವ ವಿಚಾರಣೆ? ನನ್ನನ್ನು ಯಾರೂ ಏನೂ ಕೇಳಲಿಲ್ಲ" ಎಂದ. "ಎಲ್ಲರಿಗೂ ಕೊಟ್ಟಂತೆ ನನಗೂ ಒಂದು ಪದಕ ಕೊಟ್ಟರು. ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು ಕಾದೆ. ಈ ಕಡೆ ಬರಲು ಮೊದಲು ಅನುಮತಿ ಸಿಗಲಿಲ್ಲ, ಆಮೇಲೆ ಧೈರ್ಯ ಸಿಗಲಿಲ್ಲ."

ತಂಗೆವ್ವಳ ಓಣಿಯಲ್ಲಿ ಅವನು ನನ್ನನ್ನು ಮನೆ ಯಾವುದೆಂದು ಕೇಳಲಿಲ್ಲ. ಚಪ್ಪರದ ಕೆಳಗೆ ಕುಳಿತವನನ್ನು ಕಂಡ ಕೂಡಲೇ ಚೀಲ ಕೆಳಗಿಟ್ಟ. ನಾನು ತಂಗೆವ್ವಳನ್ನು ಕೂಗಿದೆ. ಅವಳು ಹಿತ್ತಲಿನಿಂದ ಸುತ್ತಿ ಬರುವಷ್ಟರಲ್ಲಿ ಅವನು ಮಾನಪ್ಪನ ಎದುರಿಗೆ ಹೋಗಿ ನಿಂತಿದ್ದ. ಮೊದಲು ಕೈ ಆಡಿಸಿದ. ಅವನಿಗೆ ಅದನ್ನು ಯಾರು ಹೇಳಿದ್ದರೋ. ಮಾನಪ್ಪ ಓಣಿಯ ತುದಿಯಿಂದ ಕಣ್ಣು ತೆಗೆದು ಅವನನ್ನು ನೋಡಿದ.

"ನನ್ನ ಹೆಸರು ಯೊರೆನ್" ಎಂದು ಅವನು ನಮ್ಮ ಭಾಷೆಯಲ್ಲಿ ಹೇಳಿದ. "ನನ್ನಿಂದ ಆತು."

ತಡವರಿಸಲಿಲ್ಲ.

ಮಾನಪ್ಪ ಎದ್ದ. ಅಷ್ಟು ವರ್ಷ ಕುಳಿತಿದ್ದ ಮನುಷ್ಯ ಈಗಷ್ಟೇ ಕುಳಿತವನ ಹಾಗೆ ಸರಾಗವಾಗಿ ಎದ್ದ. ಧೋತರ ಕೊಡವಿಕೊಂಡು, ಚಪ್ಪರದ ತಗಡು ತಲೆಗೆ ತಗಲದಂತೆ ಬಗ್ಗಿ, ಹೊಳೆಯ ಕಡೆಗೆ ಹೆಜ್ಜೆ ಹಾಕಿದ. ತಂಗೆವ್ವಳಿಗೆ ಏನಾಗುತ್ತಿದೆಯೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ, "ಏ, ಏ, ನಿಂದರು" ಎನ್ನುತ್ತ ಓಡಿದಳು. "ನಿಂದರಪಾ, ಒಂದೀಟು ನಿಂದರು." ಅವನಿಗೆ ಕೇಳುವಂತಿರಲಿಲ್ಲ. ಓಣಿಯ ತಿರುವಿನಲ್ಲಿ ಹೆಗಲು ವಾಲಿಸಿಕೊಂಡು ಹೊರಳಿದ, ಅಷ್ಟೇ.

ತಂಗೆವ್ವ ಹಿಂದಿರುಗಿ ಬಂದು ಯೊರೆನ್‌ನ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ಇಷ್ಟು ತಡಾ ಯಾಕ ಮಾಡಿದ್ಯೋ? ಬರಬಾರದಾಗಿತ್ತ, ಇಲ್ಲಾ ಅವತ್ತ ಬರಬೇಕಾಗಿತ್ತ. ನಾ ಈಗ ಯಾರ ಕೂಡ ಮಾತಾಡ್ಲಿ?" ಅವನು ಕೈ ಅಡ್ಡ ತರಲಿಲ್ಲ. ಅವಳು ಏನನ್ನುತ್ತಿದ್ದಾಳೆಂದು ನನ್ನತ್ತ ನೋಡಿದ, ನಾನು ಒಂದೂ ಬಿಡದೆ ಹೇಳಿದೆ. ತಂಗೆವ್ವ ಖಾಲಿ ಮೆಟ್ಟಿಲ ಮೇಲೆ ಕುಸಿದು, ಅಂಗೈಯಿಂದ ಆ ಕಲ್ಲನ್ನು ಸವರುತ್ತ, "ಇವತ್ತ ಸತ್ತ ನೋಡ್ರೆವ್ವಾ ನನ್ನ ಗಂಡ, ಇವತ್ತ ಸತ್ತ" ಎಂದು ಬಾಯಿ ತೆಗೆದು ಅತ್ತಳು. ಓಣಿಯ ಹೆಂಗಸರೆಲ್ಲ ಬಂದರು. ಆಚೆ ದಂಡೆಯಿಂದ ಕಸ್ತೂರಿ ಬಂದಳು. ಅವನು ಎದುರು ಮನೆಯ ಗೋಡೆಗೆ ಒರಗಿ ಮಣ್ಣಿನಲ್ಲೇ ಕುಳಿತಿದ್ದ. ಸಂಜೆಯ ಹೊತ್ತಿಗೆ ತಂಗೆವ್ವಳ ದನಿ ಒಡೆದು ಹೋಗಿತ್ತು. ಮಗಳನ್ನು ಕರೆದು, "ಅವಂಗ ನೀರು ಕೊಡವಾ. ನನ್ನ ಕೈಲೆ ಕೊಡೂದಾಗಂಗಿಲ್ಲ" ಎಂದಳು.

ಮರುದಿನ ಅವನನ್ನು ಬಸ್ಸಿಗೆ ಬಿಡಲು ನಾನು ಹೋದೆ. ಸುದ್ದಿ ಊರೆಲ್ಲ ಹರಡಿತ್ತು. ಬಸ್ ನಿಲ್ದಾಣದಲ್ಲಿ ಒಂದಿಷ್ಟು ಜನ ನಿಂತಿದ್ದರು. ಅವರಲ್ಲಿ ಪ್ರತಿಯೊಬ್ಬರ ಮನೆಯ ಮೆಟ್ಟಿಲ ಮೇಲೂ ಯಾರೋ ಕುಳಿತಿದ್ದಾರೆಂದು ನನಗೆ ಗೊತ್ತಿತ್ತು. ಅಗಸರ ಓಣಿಯ ಆ ತಾಯಿಯೂ ಬಂದಿದ್ದಳು, ಎಲ್ಲರ ಹಿಂದೆ. ಹುಸೇನಬಿ ಮುಂದೆ ಬಂದು ಅವನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು. ಮುದುಕಿಯಾಗಿದ್ದಳು, ಭಟ್ಟಿಯ ಹೊಗೆಗೆ ಕಣ್ಣು ಕೆಂಪಾಗಿದ್ದವು.

"ಉಳದಾವ್ರು ಯಾವಾಗ ಬರ್ತಾರಂತ ಕೇಳ್ರೆಕ್ಕೋರ."

ಕೇಳಿದೆ. ಯೊರೆನ್ ಎಲ್ಲರ ಮುಖಗಳನ್ನೂ ನೋಡಿದ. "ಬರುವುದಿಲ್ಲ" ಎಂದ. "ಅವರನ್ನೂ ಯಾರೂ ಕೇಳಿಲ್ಲ." ಹುಸೇನಬಿಯ ಮಗನಿಗೆ ಲಾರಿ ಗುದ್ದಿದ್ದು ಯಾವಾಗ, ಎಲ್ಲಿ ಎಂದು ವಿಚಾರಿಸಿದ. ಹೇಳಿದೆ. ಅವನು ಕಣ್ಣು ಮುಚ್ಚಿ ತೆರೆದ. "ಅವತ್ತು ಲಾರಿ ಓಡಿಸುತ್ತಿದ್ದವನು ನನಗೆ ಗೊತ್ತು. ಒಂದೇ ಡೇರೆಯಲ್ಲಿ ಮಲಗುತ್ತಿದ್ದೆವು. ಈಗ ಅವನಿಗೆ ಇಬ್ಬರು ಮಕ್ಕಳು."

ನಾನು ಅದನ್ನು ಹುಸೇನಬಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದಳು, ಬೆರಳು ನೋಯುವಷ್ಟು ಬಿಗಿಯಾಗಿ.

"ಹೆಸರೇನು?"

"ತ್ರಾವ್ಝೆಲ್" ಎಂದ ಯೊರೆನ್.

ಬಸ್ಸಿನವನು ಹಾರ್ನ್ ಹೊಡೆದ. ಯಾರೂ ದಾರಿ ಬಿಡಲಿಲ್ಲ. "ತರಾವಜಲ" ಎಂದಳು ಹುಸೇನಬಿ. ಅವನು ಅಲ್ಲವೆಂದು ತಲೆಯಾಡಿಸಿ, ಅವಳಿಗೆ ತನ್ನ ತುಟಿ ಕಾಣುವಂತೆ ಬಗ್ಗಿ, ನಿಧಾನವಾಗಿ ಮತ್ತೆ ಹೇಳಿದ. ಅವಳೂ ಮತ್ತೆ ಹೇಳಿದಳು. ಹಲ್ಲಿಲ್ಲದ ಬಾಯಿಗೆ ಆ ಅಕ್ಷರಗಳು ಸಿಗುತ್ತಿರಲಿಲ್ಲ. ಸಿಗುವತನಕ ಅವಳು ಅವನನ್ನು ಬಸ್ ಹತ್ತಲು ಬಿಡಲಿಲ್ಲ. ಸಿಕ್ಕ ಮೇಲೆ ಜನರನ್ನು ಸರಿಸಿಕೊಂಡು ಹೊರಬಂದು, ಮರೆತುಹೋದೀತೆಂದು ಅದನ್ನೇ ಅನ್ನುತ್ತ, ಮಗ ಕುಳಿತಿದ್ದ ಕಡೆಗೆ ಬೇಗ ಬೇಗ ನಡೆದಳು.